ಬೆಕ್ಕನ್ನು ಕೂರಿಸದೆ ಬೆಕ್ಕಿನ ಚಿತ್ರ ಬರೆಯುವುದು ಹೇಗೆ (ನಾಯಿದೂ ಇದೆ)

ಬೆಕ್ಕನ್ನು ಕೂರಿಸಿ ಚಿತ್ರ ಬರೆಯಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಶುರು ಮಾಡಿದವರಲ್ಲಿ ಜಾಸ್ತಿ ಜನ ಇಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ. ಬೆಕ್ಕನ್ನು ಎತ್ತಿ ತಂದು ಸೋಫಾ ಮೇಲೆ ಇಡುತ್ತಾರೆ, ಅದು ಇಳಿದು ಹೋಗುತ್ತದೆ, ಮತ್ತೆ ತರುತ್ತಾರೆ, ಮತ್ತೆ ಹೋಗುತ್ತದೆ, ಕೊನೆಗೆ ಫೋನ್‌ನಲ್ಲಿ ಒಂದು ಫೋಟೊ ಹೊಡೆದು ಅದನ್ನೇ ನೋಡಿ ಬರೆಯುತ್ತಾರೆ. ಆ ಚಿತ್ರದಲ್ಲಿ ಒಂದು ಬೆಕ್ಕು ಇರುತ್ತದೆ. ಅವರ ಮನೆಯ ಬೆಕ್ಕು ಇರುವುದಿಲ್ಲ.

ಇದಕ್ಕೆ ದಾರಿ ತೋರಿಸಿದವರು ನನಗೆ ಹೆನ್ರಿಯೆಟ್ ರೋನರ್-ಕ್ನಿಪ್ ಅನ್ನುವ ಚಿತ್ರಗಾರ್ತಿ. 1821ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದವರು, ಮದುವೆಯಾದ ಮೇಲೆ ಬ್ರಸೆಲ್ಸ್‌ಗೆ ಹೋದವರು, 1909ರಲ್ಲಿ ಅಲ್ಲೇ ತೀರಿಕೊಂಡವರು. ಅಪ್ಪನೂ ಚಿತ್ರಗಾರ, ಆದರೆ ಆತನ ಕಣ್ಣು ಹೋಗುತ್ತಾ ಬಂತು. ಹಾಗಾಗಿ ಮಗಳ ಕಣ್ಣಿನ ಬಗ್ಗೆ ಆತನಿಗೆ ಬಹಳ ಭಯ. ಹನ್ನೊಂದು ವರ್ಷದ ಹುಡುಗಿಯನ್ನು ಬೆಳಗ್ಗೆಯಿಂದ ಸಂಜೆವರೆಗೆ ಚಿತ್ರಕ್ಕೆ ಕೂರಿಸುತ್ತಿದ್ದ ಆ ಅಪ್ಪ, ಮಧ್ಯಾಹ್ನ ಮಾತ್ರ ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ವಿಶ್ರಾಂತಿ ಕೊಡಿಸುತ್ತಿದ್ದನಂತೆ. ಮುಂದೆ ಆಕೆ ಮೊದಲು ನಾಯಿಗಳಿಂದ ಹೆಸರು ಮಾಡಿದರು. ಬೆಲ್ಜಿಯಂ ರಾಣಿ ಮರೀ ಹೆನ್ರಿಯೆಟ್‌ಳ ನಾಯಿಗಳನ್ನೂ ಬರೆದರು. 1870ರ ಹೊತ್ತಿಗೆ ಬೆಕ್ಕುಗಳ ಕಡೆ ತಿರುಗಿದರು. ಆಮೇಲೆ ಅವರ ಹೆಸರು ಎಂದರೆ ಬೆಕ್ಕು ಎಂದೇ ಆಗಿಹೋಯಿತು.

ಅವರು ಮಾಡಿದ್ದು ಎರಡು ಕೆಲಸ. ಒಂದು, ಬೆಕ್ಕುಗಳಿಗೆ ಅಂತಲೇ ಮುಂದೆ ಗಾಜು ಹಾಕಿಸಿದ ಒಂದು ಜಾಗ ಕಟ್ಟಿಸಿದರು. ಅದರೊಳಗೆ ಬೆಕ್ಕುಗಳು ಮಲಗಲಿ, ಕುಣಿಯಲಿ, ಏನಾದರೂ ಎಳೆದು ಬೀಳಿಸಲಿ, ಯಾರೂ ತಡೆಯುವುದಿಲ್ಲ. ಆಕೆ ಗಾಜಿನ ಈಚೆ ಕೂತು ನೋಡುತ್ತಿದ್ದರು. ಎರಡು, ನೋಡಿದ ಭಂಗಿಯನ್ನು ಕಾಗದದಲ್ಲಿ ಮಾಡಿಟ್ಟುಕೊಳ್ಳುತ್ತಿದ್ದರು. ಆ ಕಾಗದದ ಬೆಕ್ಕನ್ನು ಬಟ್ಟೆ, ಕುರ್ಚಿ, ಪೆಟ್ಟಿಗೆಗಳ ನಡುವೆ ಇಟ್ಟು ಚಿತ್ರದ ಉಳಿದ ಭಾಗ ಬರೆಯುತ್ತಿದ್ದರು. ಈ ಎರಡನ್ನೂ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಹೇಗೆ ಮಾಡುವುದು ಅಂತ ಹೇಳುತ್ತೇನೆ. ನಾನು ಬಸವನಗುಡಿಯ ಒಂದು ಮಹಡಿ ಮನೆಯಲ್ಲಿ ಮಾಡುತ್ತಿರುವುದು ಇದನ್ನೇ.

ಮೊದಲು ಜಾಗ

ನಿಮ್ಮ ಬೆಕ್ಕು ದಿನದಲ್ಲಿ ಎಲ್ಲೆಲ್ಲಿ ಮಲಗುತ್ತದೆ ಅಂತ ಮೂರು ದಿನ ಸುಮ್ನೆ ಗಮನಿಸಿ. ಬೆಕ್ಕು ದಿನಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ ಮಲಗುತ್ತದೆ, ಹಾಗಾಗಿ ನಿಮಗೆ ಸಮಯಕ್ಕೆ ಕೊರತೆ ಇಲ್ಲ. ಅದು ಇಷ್ಟಪಡುವ ಜಾಗಗಳಲ್ಲಿ ಕಿಟಕಿಗೆ ಹತ್ತಿರ ಇರುವುದನ್ನು ಆರಿಸಿಕೊಳ್ಳಿ. ಅಲ್ಲಿ ಒಂದು ತಗ್ಗು ಮೇಜು ಇಡಿ, ಮೇಜಿಲ್ಲದಿದ್ದರೆ ಎರಡು ರಟ್ಟಿನ ಡಬ್ಬ ಸಾಕು. ಮೇಲೆ ಹಾಸುವ ಬಟ್ಟೆ ಹೊಸದು ಬೇಡ. ನೀವು ಉಟ್ಟು ಹಳೆಯದಾದ ಸೀರೆಯೋ, ಹೊದ್ದ ಶಾಲೋ ಇರಲಿ, ನಿಮ್ಮ ವಾಸನೆ ಇರುವುದು. ನಮ್ಮ ಮನೆಯ ಚಿನ್ನು ಮೂರು ಬಣ್ಣದ ಹೆಣ್ಣು ಬೆಕ್ಕು (ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ). ನಾನು ಕೊಂಡು ತಂದ ಮೆತ್ತನೆ ಹಾಸಿಗೆಯನ್ನು ಅವಳು ತಿರುಗಿಯೂ ನೋಡಲಿಲ್ಲ. ಅಕ್ಕಿ ಕೇರುವ ಹಳೆ ಮೊರವನ್ನು ಒಂದು ದಿನ ಒಣಗಲು ಕಿಟಕಿ ಪಕ್ಕ ಇಟ್ಟಿದ್ದೆ, ಅದರಲ್ಲಿ ಬಂದು ಸುತ್ತಿ ಮಲಗಿದಳು. ಅವತ್ತಿನಿಂದ ಮೊರ ಅವಳದೇ. ರೋನರ್-ಕ್ನಿಪ್ ಚಿತ್ರಗಳಲ್ಲಿ ರೇಷ್ಮೆ ದಿಂಬು, ಮಖಮಲ್ಲು, ಚಂದದ ಪೆಟ್ಟಿಗೆಗಳು ಬರುತ್ತವೆ, ಅದು ಅವರ ಕಾಲದ, ಅವರ ಊರಿನ ಮನೆ. ನಮ್ಮ ಚಿತ್ರದಲ್ಲಿ ಮೊರ ಬರಲಿ, ಮಡಿಚದ ಬಟ್ಟೆ ರಾಶಿ ಬರಲಿ, ಸ್ಕೂಟರ್ ಸೀಟು ಬರಲಿ.

ಬೆಳಕಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಚಿತ್ರಕಲೆಯ ಪುಸ್ತಕಗಳಲ್ಲಿ ಉತ್ತರದ ಕಿಟಕಿ ಒಳ್ಳೆಯದು ಅಂತ ಬರೆದಿರುತ್ತಾರೆ, ಅದರಲ್ಲಿ ಬಿಸಿಲು ನೇರ ಬೀಳುವುದಿಲ್ಲ, ನೆರಳು ಗಂಟೆಗಟ್ಟಲೆ ಹಾಗೇ ಇರುತ್ತದೆ ಅಂತ. ಅದು ಯುರೋಪಿಗೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ತಲೆಯಿಂದ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳಲ್ಲಿ ಬೆಳಗ್ಗೆ ಏಳಕ್ಕೆ ಉತ್ತರದ ಕಿಟಕಿಯಿಂದ ಬಿಸಿಲು ಒಳಗೆ ಬರುವುದನ್ನು ನೀವೂ ನೋಡಿರುತ್ತೀರಿ. ಆ ತಿಂಗಳುಗಳಲ್ಲಿ ಕಿಟಕಿಯ ಸರಳುಗಳಿಗೆ ಒಂದು ತೆಳು ಬಿಳಿ ಪಂಚೆ ಕಟ್ಟಿ. ಬಿಸಿಲು ಸೋಸಿ ಬರುತ್ತದೆ, ಬೆಕ್ಕಿನ ಬೆನ್ನ ಮೇಲೆ ಸರಳಿನ ಗೀಟು ನೆರಳು ಬೀಳುವುದಿಲ್ಲ. ಜೂನ್ ಕಳೆದು ಮೋಡ ಕವಿದ ದಿನಗಳು ಬಂದವು ಅಂದರೆ ಪಂಚೆಯೂ ಬೇಡ. ನಮ್ಮ ಊರಿನ ಆ ಬೂದು ಬೆಳಕಿನಷ್ಟು ಒಳ್ಳೆಯ ಬೆಳಕು ತುಪ್ಪಳಕ್ಕೆ ಬೇರೆ ಇಲ್ಲ ಅನ್ನುವುದು ನನ್ನ ಅನುಭವ. ಟ್ಯೂಬ್‌ಲೈಟ್ ಆರಿಸಿಡಿ. ಬೆಳಕು ಎರಡು ಕಡೆಯಿಂದ ಬಂದರೆ ಮೈಯ ಉಬ್ಬು ತಗ್ಗು ಎರಡೂ ಮಾಯವಾಗುತ್ತವೆ.

ಗಾಜಿನ ಕೋಣೆ ನಮಗೆ ಆಗುವುದಿಲ್ಲ. ಆದರೆ ಗಾಜು ಮಾಡುತ್ತಿದ್ದ ಕೆಲಸ ದೂರ ಕೊಡುವುದು ಅಷ್ಟೇ. ನೀವು ಆರೇಳು ಅಡಿ ದೂರ ಕೂತರೆ ಅದೇ ಆಯಿತು. ಪ್ರತಿದಿನ ಒಂದೇ ಹೊತ್ತು, ಒಂದೇ ಕಡೆ ಕೂತುಕೊಳ್ಳಿ. ಬೆಕ್ಕು ನೋಡಿದರೆ ದಿಟ್ಟಿಸಬೇಡಿ, ಕಣ್ಣು ನಿಧಾನವಾಗಿ ಮುಚ್ಚಿ ತೆಗೆಯಿರಿ. ಹೆಸರು ಹಿಡಿದು ಕರೆಯಬೇಡಿ, ಕರೆದರೆ ಎದ್ದು ಬರುತ್ತದೆ ಅಥವಾ ಎದ್ದು ಹೋಗುತ್ತದೆ, ಎರಡೂ ನಿಮಗೆ ಬೇಡ.

ಮೊದಲ ವಾರ ಬಣ್ಣ ಮುಟ್ಟಬೇಡಿ

ಒಂದು 4ಬಿ ಪೆನ್ಸಿಲ್ (ಮೆತ್ತಗಿನ, ಕಪ್ಪಗೆ ಬರೆಯುವಂಥದು), ಕಡಿಮೆ ಬೆಲೆಯ ದೊಡ್ಡ ಹಾಳೆಗಳು, ಅಷ್ಟೇ. ಅವೆನ್ಯೂ ರಸ್ತೆಯ ಪೇಪರ್ ಅಂಗಡಿಗಳ ಕಡೆ ಹೋದರೆ ಒರಟು ಕಂದು ಕಾಗದ ಸಿಗುತ್ತದೆ, ನನಗೆ ಅದೇ ಇಷ್ಟ. ಕಂದು ಕಾಗದದಲ್ಲಿ ನಡು ಬಣ್ಣ ಆಗಲೇ ಇರುತ್ತದೆ, ಕಪ್ಪಲ್ಲಿ ನೆರಳು ಹಾಕಿ, ಬಿಳಿ ಚಾಕಿನಲ್ಲಿ ಬೆಳಕು ಹಾಕಿದರೆ ಬೆಕ್ಕು ಎದ್ದು ಬರುತ್ತದೆ.

ಒಂದೇ ಹಾಳೆಯಲ್ಲಿ ಏಳೆಂಟು ಚಿತ್ರ ಶುರು ಮಾಡಿ. ಬೆಕ್ಕು ಕಾಲು ಚಾಚಿದೆ, ಬರೆಯಲು ತೊಡಗಿದಿರಿ, ಅರ್ಧದಲ್ಲಿ ಹೊರಳಿತು. ಆ ಅರ್ಧ ಚಿತ್ರವನ್ನು ಹಾಗೇ ಬಿಡಿ, ಪಕ್ಕದಲ್ಲಿ ಹೊಸ ಭಂಗಿ ಶುರು ಮಾಡಿ. ಕಾಲು ಗಂಟೆಯಲ್ಲಿ ಅದು ಹಳೆ ಭಂಗಿಗೆ ಮರಳಿ ಬರುತ್ತದೆ, ಆಗ ಮೊದಲಿನದನ್ನು ಮುಂದುವರಿಸಿ. ಪ್ರಾಣಿಗಳ ಭಂಗಿಗಳು ನಾವು ಅಂದುಕೊಂಡಷ್ಟು ಜಾಸ್ತಿ ಇಲ್ಲ. ಚಿನ್ನು ಮಲಗುವುದು ಐದೇ ಥರ. ವಾರದ ಕೊನೆಗೆ ಆ ಐದೂ ನನಗೆ ಕಣ್ಣು ಮುಚ್ಚಿದರೂ ಕಾಣುತ್ತಿದ್ದವು.

ಮೊದಲ ಗೆರೆ ಬೆನ್ನಿನದು. ಕತ್ತಿನ ಹಿಂದಿನಿಂದ ಬಾಲದ ಬುಡದವರೆಗೆ ಒಂದೇ ಎಳೆತ. ಆಮೇಲೆ ತಲೆ ಎಲ್ಲಿದೆ ಅಂತ ಒಂದು ಉರುಟು, ಭುಜಕ್ಕೊಂದು, ಸೊಂಟಕ್ಕೊಂದು. ಮುಖ ಕೊನೆಗೆ. ಮುಖದಿಂದ ಶುರು ಮಾಡುವ ಆಸೆ ಎಲ್ಲರಿಗೂ ಇರುತ್ತದೆ, ಗೊತ್ತು, ಆದರೆ ಮುಖ ಚೆನ್ನಾಗಿ ಬಂದು ಮೈ ಅದಕ್ಕೆ ಸೇರದೆ ಹೋದರೆ ಅಳಿಸಲು ಮನಸ್ಸೇ ಬರುವುದಿಲ್ಲ. ಹಿಂಗಾಲಿನಲ್ಲಿ ಜನ ಎಡವುವುದು ಒಂದೇ ಕಡೆ. ಹಿಂದಕ್ಕೆ ಬಾಗಿರುವ ಆ ಕೀಲು ಮೊಣಕಾಲಲ್ಲ, ಅದು ಹಿಮ್ಮಡಿ. ಬೆಕ್ಕು, ನಾಯಿ ಎರಡೂ ಬೆರಳ ತುದಿಯಲ್ಲಿ ನಡೆಯುತ್ತವೆ. ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕ ತುಪ್ಪಳದಲ್ಲಿ ಅಡಗಿರುತ್ತದೆ. ಒಮ್ಮೆ ಕೈಯಿಂದ ಮುಟ್ಟಿ ನೋಡಿ, ಮತ್ತೆ ತಪ್ಪುವುದಿಲ್ಲ.

ಕಾಗದದ ಬೆಕ್ಕು

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದು. ಭಂಗಿ ಒಂದನ್ನು ಆರಿಸಿಕೊಂಡಿದ್ದೀರಿ, ಐದಾರು ಸ್ಕೆಚ್ ಇದೆ. ಆದರೆ ನೆರಳು ಎಲ್ಲಿ ಬೀಳುತ್ತದೆ, ಹೊಟ್ಟೆ ಬಟ್ಟೆಯನ್ನು ಮುಟ್ಟುವ ಕಡೆ ಎಷ್ಟು ಕಪ್ಪು, ದಿಂಬು ಎಷ್ಟು ಕುಗ್ಗಿದೆ, ಇವೆಲ್ಲ ಬರೆಯಲು ಎರಡು ಮೂರು ಗಂಟೆ ಬೇಕು. ಬೆಕ್ಕು ಅಷ್ಟು ಹೊತ್ತು ಕೊಡುವುದಿಲ್ಲ.

ಹಳೆ ದಿನಪತ್ರಿಕೆ ತಗೊಳ್ಳಿ. ಎರಡು ಹಾಳೆ ಸೇರಿಸಿ ಉಂಡೆ ಮಾಡಿ, ನಿಮ್ಮ ಬೆಕ್ಕಿನ ಎದೆಯ ಗಾತ್ರಕ್ಕೆ. ಇನ್ನೊಂದು ಸ್ವಲ್ಪ ದೊಡ್ಡ ಉಂಡೆ ಸೊಂಟಕ್ಕೆ. ಎರಡರ ನಡುವೆ ಮಡಿಚಿದ ಹಾಳೆಯನ್ನು ಸೇತುವೆಯ ಹಾಗೆ ಇಟ್ಟು ಟೇಪ್ ಸುತ್ತಿ. ತಲೆ ಕಿತ್ತಳೆ ಹಣ್ಣಿನಷ್ಟು. ಕಿವಿಗೆ ಎರಡು ತ್ರಿಕೋನ ಕತ್ತರಿಸಿ, ಕಿವಿ ಚಪ್ಪಟೆ ಇರಬಾರದು, ಎಲೆ ದೊನ್ನೆಯ ಹಾಗೆ ಬಾಗಿರಬೇಕು. ಬಾಲಕ್ಕೆ ಸುರುಳಿ ಸುತ್ತಿದ ಹಾಳೆ. ಕೊನೆಗೆ ಇಡೀ ಮೈಗೆ ಬಿಳಿ ಟಿಶ್ಯೂ ಒಂದು ಪದರ ಅಂಟಿಸಿ, ಅಕ್ಷರಗಳು ಕಂಡರೆ ನೆರಳು ಓದಲು ಆಗುವುದಿಲ್ಲ. ನಿಮ್ಮ ಬೆಕ್ಕು ಕಪ್ಪಿದ್ದರೆ ಕಪ್ಪು ಬಟ್ಟೆಯ ತುಂಡು ಹೊದಿಸಿ. ಚಂದ ಕಾಣಬೇಕಿಲ್ಲ. ಇದರಲ್ಲಿ ನೀವು ನೋಡುವುದು ನೆರಳನ್ನು ಮಾತ್ರ.

ಬೆಕ್ಕು ಎದ್ದು ಹೋದ ತಕ್ಷಣ ಕಾಗದದ ಬೆಕ್ಕನ್ನು ಅದೇ ಗುಳಿಯಲ್ಲಿ ಇಡಿ. ಬಟ್ಟೆಯ ಮಡಿಕೆ ಮುಟ್ಟಬೇಡಿ. ಬೆಕ್ಕು ಕಾಲಿನಿಂದ ತುಳಿದು ತುಳಿದು ಮಾಡಿಕೊಂಡ ಮಡಿಕೆ ಅದು, ನಾವು ಕೈಯಿಂದ ಮಾಡಿದರೆ ಹಾಗೆ ಬರುವುದಿಲ್ಲ. ಈಗ ಒಂದು ಕಣ್ಣು ಮುಚ್ಚಿ ನೋಡಿ. ಕಿಟಕಿಯ ಕಡೆ ಬೆಳಕು, ಅದರ ಹಿಂದೆ ನಡು ನೆರಳು, ಹೊಟ್ಟೆಯ ಕೆಳಗೆ ಒಂದು ಗೆರೆಯಷ್ಟು ಗಾಢ ಕಪ್ಪು. ಆ ಕಪ್ಪು ಗೆರೆ ಇಲ್ಲದಿದ್ದರೆ ಚಿತ್ರದ ಬೆಕ್ಕು ಗಾಳಿಯಲ್ಲಿ ತೇಲುತ್ತದೆ. ಇದು ನನಗೆ ಅರ್ಥವಾಗಿದ್ದು ಕಾಗದದ ಬೆಕ್ಕಿನಿಂದಲೇ. ಅಲ್ಲಿಯವರೆಗೆ ನಾನು ಬರೆದ ಬೆಕ್ಕುಗಳು ಯಾವುದೂ ಮೊರದ ಒಳಗೆ ಕೂತಿರಲಿಲ್ಲ, ಮೊರದ ಮೇಲೆ ಅಂಟಿಸಿದ ಹಾಗಿದ್ದವು.

ಕಣ್ಣು, ತುಪ್ಪಳ, ಮೀಸೆ

ಕಣ್ಣನ್ನು ಪಕ್ಕದಿಂದ ನೋಡಿದ್ದೀರಾ? ಬೆಕ್ಕು ಕಿಟಕಿಯಾಚೆ ನೋಡುವಾಗ ಅದರ ಕೆನ್ನೆಯ ಪಕ್ಕಕ್ಕೆ ಹೋಗಿ ನೋಡಿ. ಬಣ್ಣದ ಭಾಗ ಒಳಗೆ ಚಪ್ಪಟೆಯಾಗಿ ಇರುತ್ತದೆ, ಅದರ ಮುಂದೆ ನೀರಿನ ಹನಿಯ ಹಾಗೆ ಉಬ್ಬಿದ ತಿಳಿ ಭಾಗ. ಬೆಕ್ಕಿನಲ್ಲಿ ಈ ಉಬ್ಬು ಜಾಸ್ತಿ. ಆದ್ದರಿಂದ ಎದುರಿನಿಂದ ಬರೆಯುವಾಗಲೂ ಮೇಲಿನ ರೆಪ್ಪೆಯ ನೆರಳು ಬಣ್ಣದ ಭಾಗದ ಮೇಲೆ ಬೀಳಬೇಕು, ಮೇಲರ್ಧ ಸ್ವಲ್ಪ ಕಪ್ಪು, ಕೆಳಗರ್ಧ ತಿಳಿ. ಬೆಳಕು ಎಡಗಡೆಯಿಂದ ಬಂದರೆ ಬಿಳಿ ಚುಕ್ಕೆ ಎಡಗಡೆ ಮೇಲೆ, ಹೊಳಪಿನ ಬಣ್ಣ ಅದರ ಎದುರು ಬಲಗಡೆ ಕೆಳಗೆ. ಎರಡು ಕಣ್ಣಿನ ಬಿಳಿ ಚುಕ್ಕೆಯೂ ಒಂದೇ ದಿಕ್ಕಿಗೆ ಇರಲಿ. ಮಧ್ಯಾಹ್ನ ಪಾಪೆ ಗೆರೆಯಾಗಿರುತ್ತದೆ, ಸಂಜೆ ದುಂಡಗೆ ಹರಡುತ್ತದೆ. ಮಧ್ಯಾಹ್ನದ ಬೆಳಕಿನಲ್ಲಿ ಮೈ ಬರೆದು ಕಣ್ಣನ್ನು ಮಾತ್ರ ಸಂಜೆಯ ಹಾಗೆ ಬರೆದರೆ ನೋಡುವವರಿಗೆ ಏನೋ ಸರಿ ಇಲ್ಲ ಅನಿಸುತ್ತದೆ. ನಾಯಿಯ ಪಾಪೆ ಯಾವಾಗಲೂ ದುಂಡಗೆ. ಮರಿ ಬೆಕ್ಕಿನ ಕಣ್ಣು ಮೊದಲ ಕೆಲವು ವಾರ ನೀಲಿ, ಆಮೇಲೆ ತನ್ನ ಬಣ್ಣಕ್ಕೆ ತಿರುಗುತ್ತದೆ.

ತುಪ್ಪಳಕ್ಕೆ ಒಂದೊಂದೇ ಕೂದಲು ಬರೆಯಲು ಹೋಗಬೇಡಿ. ರೋನರ್-ಕ್ನಿಪ್ ಅವರ ಒಂದು ಚಿತ್ರ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ, ಮೇಜಿನ ಮೇಲೆ ಒಂದು ಮರಿ ಡಾಮಿನೊ ಬಿಲ್ಲೆಯ ಜೊತೆ ಆಡುತ್ತಿರುವುದು. ಮ್ಯೂಸಿಯಂನ ವೆಬ್‌ಸೈಟಿನಲ್ಲಿ ದೊಡ್ಡದು ಮಾಡಿ ನೋಡಬಹುದು. ದೂರದಿಂದ ಮುಟ್ಟಬೇಕು ಅನ್ನುವಷ್ಟು ಮೆತ್ತಗೆ ಕಾಣುತ್ತದೆ. ಹತ್ತಿರ ಹೋದರೆ ಅಗಲವಾದ, ಹರಿದಾಡುವ ಕುಂಚದ ಎಳೆತಗಳು. ಎಲ್ಲಿ ತುಪ್ಪಳ ತಿರುಗುತ್ತದೋ, ಎಲ್ಲಿ ಅಂಚು ಹಿನ್ನೆಲೆಗೆ ಸೇರುತ್ತದೋ ಅಲ್ಲಿ ಮಾತ್ರ ಎಳೆಗಳನ್ನು ಬಿಡಿಸಿದರೆ ಸಾಕು, ಉಳಿದದ್ದನ್ನು ನಮ್ಮ ಕಣ್ಣೇ ತುಂಬಿಕೊಳ್ಳುತ್ತದೆ.

ದಿಕ್ಕು ಮಾತ್ರ ತಪ್ಪಬಾರದು. ಮೂಗಿನ ಮೇಲಿಂದ ಶುರುವಾಗಿ ಹಣೆಗೆ ಏರುತ್ತದೆ, ಕಣ್ಣಿನ ಸುತ್ತ ಹೊರಗೆ ಹರಡುತ್ತದೆ, ಕೆನ್ನೆಯಲ್ಲಿ ಹಿಂದಕ್ಕೆ ಕೆಳಕ್ಕೆ ಇಳಿಯುತ್ತದೆ. ಮೂಗಿನ ಹತ್ತಿರ ಕೂದಲು ಅಕ್ಕಿ ಕಾಳಿಗಿಂತ ಗಿಡ್ಡ, ಕತ್ತಿಗೆ ಬರುವ ಹೊತ್ತಿಗೆ ಬೆರಳಿನ ಗೆಣ್ಣಿನಷ್ಟು. ಬೆಕ್ಕಿನ ತಲೆಯ ಒಂದು ನಕ್ಷೆ ಬರೆದು ಬರೀ ಬಾಣದ ಗುರುತುಗಳನ್ನು ಹಾಕಿಟ್ಟುಕೊಳ್ಳಿ, ಗೋಡೆಗೆ ಅಂಟಿಸಿ. ನಾನು ಈಗಲೂ ಅದನ್ನು ನೋಡಿಕೊಂಡೇ ಬರೆಯುವುದು.

ಮೀಸೆಗೆ ಒಂದು ಉಪಾಯ ಇದೆ. ಪೆನ್ಸಿಲ್ ಚಿತ್ರವಾದರೆ, ಮುಖಕ್ಕೆ ನೆರಳು ಹಾಕುವ ಮೊದಲೇ ಇಂಕು ಮುಗಿದ ಬಾಲ್‌ಪೆನ್ ತಗೊಂಡು ಮೀಸೆ ಇರುವ ಕಡೆ ಸ್ವಲ್ಪ ಒತ್ತಿ ಎಳೆಯಿರಿ. ಕಾಗದದಲ್ಲಿ ಸಣ್ಣ ಗುಳಿ ಬೀಳುತ್ತದೆ. ಆಮೇಲೆ ಅದರ ಮೇಲೆ ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದರೆ ಗುಳಿಗೆ ಸೀಸ ಇಳಿಯುವುದಿಲ್ಲ, ಮೀಸೆ ಬೆಳ್ಳಗೆ ಎದ್ದು ಕಾಣುತ್ತದೆ. ಮೊದಲು ಬೇರೆ ಹಾಳೆಯಲ್ಲಿ ಹತ್ತು ಸಲ ಎಳೆದು ಕೈ ಕೂರಿಸಿಕೊಳ್ಳಿ, ಯಾಕಂದ್ರೆ ಒತ್ತಿದ ಗುಳಿಯನ್ನು ಅಳಿಸಲು ಆಗುವುದಿಲ್ಲ. ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣ, ಎಲ್ಲವೂ ಸ್ವಲ್ಪ ಬಾಗಿರಲಿ. ಬಣ್ಣದ ಚಿತ್ರವಾದರೆ ಮೀಸೆ ಕಟ್ಟಕಡೆಗೆ, ಉದ್ದ ಎಳೆಯ ಸಣ್ಣ ಕುಂಚದಲ್ಲಿ, ಉಸಿರು ಬಿಡುತ್ತಾ ಒಂದೇ ಎಳೆತಕ್ಕೆ.

ಬಣ್ಣ, ಮತ್ತು ಒಂದು ಎಚ್ಚರಿಕೆ

ರೋನರ್-ಕ್ನಿಪ್ ಎಣ್ಣೆ ಬಣ್ಣದಲ್ಲಿ, ಎಷ್ಟೋ ಸಲ ಸಣ್ಣ ಮರದ ಹಲಗೆಗಳ ಮೇಲೆ ಬರೆಯುತ್ತಿದ್ದರು. ಮನೆಯಲ್ಲಿ ಬೆಕ್ಕು ಓಡಾಡುತ್ತಿದ್ದರೆ ನಾನು ಎಣ್ಣೆ ಬಣ್ಣ ಬೇಡ ಅನ್ನುತ್ತೇನೆ. ಬೆಕ್ಕು ಪಾದಕ್ಕೆ, ಮೈಗೆ ಏನೇ ತಗುಲಿದರೂ ನೆಕ್ಕುತ್ತದೆ. ಅದರ ಲಿವರ್‌ಗೆ ನಮ್ಮ ಹಾಗೆ ಹಲವು ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಇಲ್ಲ. ಎಣ್ಣೆ ಬಣ್ಣ ತೆಳು ಮಾಡುವ ಟರ್ಪೆಂಟೈನ್‌ನ ಬಟ್ಟಲು ತೆರೆದಿಡುವುದಂತೂ ಬಹಳ ಅಪಾಯ. ಗ್ವಾಶ್ (ನೀರಿನಲ್ಲಿ ಕಲಸುವ ಗಟ್ಟಿ ಬಣ್ಣ) ಅಥವಾ ಜಲವರ್ಣ ಸಾಕು, ಅದರಲ್ಲೂ ಟ್ಯೂಬಿನ ಮೇಲೆ ಕ್ಯಾಡ್ಮಿಯಂ, ಕೋಬಾಲ್ಟ್ ಅಂತ ಇದ್ದರೆ ಜಾಗ್ರತೆ. ಕುಂಚ ತೊಳೆಯುವ ನೀರಿಗೆ ಮುಚ್ಚಳ ಇರುವ ಡಬ್ಬಿ ಇಡಿ, ಎದ್ದು ಹೋಗುವಾಗ ಮುಚ್ಚಿ. ಹಾಗೇ ಇನ್ನೊಂದು, ಉಲ್ಲನ್ ಉಂಡೆ ಜೊತೆ ಮರಿ ಆಡುವ ಚಿತ್ರ ಎಲ್ಲರಿಗೂ ಇಷ್ಟ, ಆದರೆ ಮರಿಯನ್ನು ದಾರದ ಜೊತೆ ಒಂಟಿಯಾಗಿ ಬಿಡಬೇಡಿ. ದಾರ ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಆಪರೇಷನ್‌ವರೆಗೆ ಹೋಗುತ್ತದೆ.

ಬಿಳಿ ಬೆಕ್ಕು ಬಿಳಿ ಇರುವುದಿಲ್ಲ. ಹಳೆ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಮಲಗಿದ ಬಿಳಿ ಬೆಕ್ಕಿನ ಹೊಟ್ಟೆ ನೋಡಿ, ಗುಲಾಬಿ ಕಾಣುತ್ತದೆ. ಬೆನ್ನ ಮೇಲೆ ಆಕಾಶದ ತೆಳು ನೀಲಿ. ಟ್ಯೂಬಿನ ಶುದ್ಧ ಬಿಳಿಯನ್ನು ಎರಡೇ ಕಡೆ ಇಡಿ, ಬೆಳಕು ಅತಿ ಜಾಸ್ತಿ ಬೀಳುವ ಕಡೆ. ಕಪ್ಪಿಗೂ ಹಾಗೇ. ನಾನು ಕಪ್ಪು ಟ್ಯೂಬ್ ಮುಟ್ಟುವುದೇ ಇಲ್ಲ, ಬರ್ಂಟ್ ಅಂಬರ್ ಅನ್ನುವ ಕಡು ಕಂದಿನ ಜೊತೆ ಅಲ್ಟ್ರಾಮರೀನ್ ನೀಲಿ ಕಲಸಿದರೆ ಜೀವ ಇರುವ ಕಪ್ಪು ಬರುತ್ತದೆ. ನೆರಳಿನ ಕಡೆ ಕಂದು ಜಾಸ್ತಿ, ಕಿಟಕಿಯ ಕಡೆ ನೀಲಿ ಜಾಸ್ತಿ.

ನಾಯಿಗಳಿಗೆ ಬೀದಿಗೇ ಹೋಗಬೇಕು

ನಾಯಿ ನಮ್ಮನ್ನು ನೋಡುತ್ತಾ ಕೂರುತ್ತದೆ, ಅದೇ ತೊಂದರೆ. ಪೆನ್ಸಿಲ್ ತೆಗೆದರೆ ಹತ್ತಿರ ಬಂದು ಮೂಸುತ್ತದೆ. ಅದಕ್ಕೇ ನಾಯಿಯನ್ನು ಅದು ತನ್ನ ಪಾಡಿಗೆ ಇರುವ ಕಡೆ ಬರೆಯಬೇಕು. ನನ್ನ ಬಹುಪಾಲು ಅಭ್ಯಾಸ ಹನುಮಂತನಗರದ ಒಂದು ಟೀ ಅಂಗಡಿ ಮುಂದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬೀದಿ ನಾಯಿಗಳು ನಿಂತ ಕಾರಿನ ಕೆಳಗೋ, ಹೊಂಗೆ ಮರದ ನೆರಳಲ್ಲೋ ಮಲಗಿಬಿಡುತ್ತವೆ. ಅಲ್ಲಿನ ಕರಿಯ ಅನ್ನುವ ನಾಯಿ ಬಲ ಮಗ್ಗುಲಿಗೆ ಮಲಗಿದರೆ ಮುಕ್ಕಾಲು ಗಂಟೆ ಏಳುವುದಿಲ್ಲ. ಹೆಸರಿಗೆ ಕರಿಯ, ಆದರೆ ಬಿಸಿಲಿಗೆ ಬೆನ್ನಿನ ಕೂದಲು ಮಾಸಿ ಕೆಂಪು ಕಂದಾಗಿದೆ. ನೆರಳಲ್ಲಿ ಇರುವ ಹೊಟ್ಟೆ ಮಾತ್ರ ಇನ್ನೂ ಕಡು ಕಪ್ಪು. ಎಡಗಿವಿಯ ತುದಿ ಕತ್ತರಿಸಿದೆ. ಅದು ಸಂತಾನಹರಣ ಆಪರೇಷನ್ ಆದ ನಾಯಿಗೆ ಮಾಡುವ ಗುರುತು. ಇದನ್ನು ಚಿತ್ರದಲ್ಲಿ ಸರಿಮಾಡಿ ಪೂರ್ತಿ ಕಿವಿ ಬರೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಿವಿಯಿಂದಲೇ ಅದು ಕರಿಯ.

ತಲೆಯ ಆಕಾರಕ್ಕೆ ಪಕ್ಕದಿಂದ ನೋಡಿ, ಹಣೆ ಮುಗಿದು ಮೂತಿ ಶುರುವಾಗುವ ಕಡೆ ಎಷ್ಟು ಇಳಿಜಾರು ಇದೆ ಅಂತ. ಲ್ಯಾಬ್ರಡಾರ್‌ಗೆ ಅಲ್ಲಿ ಮೆಟ್ಟಿಲಿನ ಹಾಗೆ ಸ್ಪಷ್ಟವಾಗಿ ಇಳಿಯುತ್ತದೆ. ನಮ್ಮ ಬೀದಿ ನಾಯಿಗಳಿಗೆ ಕಡಿಮೆ, ತಲೆ ಬೆಣೆಯ ಹಾಗೆ. ಬಾಗಲಕೋಟೆ ಕಡೆಯ ಮುಧೋಳ ನಾಯಿಗಂತೂ ಹಣೆ, ಮೂತಿ ಹೆಚ್ಚುಕಡಿಮೆ ಒಂದೇ ಗೆರೆ. ಈ ಒಂದು ಕೋನ ಸರಿ ಬಂದರೆ ಅರ್ಧ ಹೋಲಿಕೆ ಬಂದ ಹಾಗೆ. ಬೇರೆ ಬೇರೆ ಜಾತಿಯ ನಾಯಿಗಳನ್ನು ಒಟ್ಟಿಗೆ ನೋಡಬೇಕಿದ್ದರೆ ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್‌ಗೆ ಹೋಗಿ, ನಾಯಿ ಕರೆದುಕೊಂಡು ಬರುವವರು ಬೇಕಾದಷ್ಟು ಜನ ಸಿಗುತ್ತಾರೆ. ಬರೆಯಬಹುದಾ ಅಂತ ಒಂದು ಮಾತು ಕೇಳಿ, ಯಾರೂ ಬೇಡ ಅನ್ನುವುದಿಲ್ಲ.

ಬೀದಿ ನಾಯಿಯ ಎದುರು ಕುಕ್ಕರುಗಾಲಲ್ಲಿ ಕೂತು ದಿಟ್ಟಿಸಬೇಡಿ. ಪಕ್ಕಕ್ಕೆ ತಿರುಗಿ ಕೂತು ಓರೆಗಣ್ಣಲ್ಲಿ ನೋಡಿ. ಮರಿ ಹಾಕಿದ ತಾಯಿ ಹತ್ತಿರ ಹೋಗಲೇಬೇಡಿ. ಹಲ್ಲು ತಗುಲಿದರೆ, ಗೀರಾದರೂ ಸರಿ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ರೇಬಿಸ್ ಇಂಜೆಕ್ಷನ್‌ಗೆ ಹೋಗಿ.

ಹೋದ ನಾಯಿಯ ಚಿತ್ರ

ಚಿತ್ರ ಬರೆಯುತ್ತೀರಿ ಅಂತ ಗೊತ್ತಾದ ಮೇಲೆ ಒಂದಲ್ಲ ಒಂದು ದಿನ ಯಾರಾದರೂ ಬರುತ್ತಾರೆ, ತೀರಿಕೊಂಡ ನಾಯಿಯ ಚಿತ್ರ ಬೇಕು ಅಂತ. ಆಗ ಫೋಟೊ ನೋಡಿಯೇ ಬರೆಯಬೇಕು, ಬೇರೆ ದಾರಿ ಇಲ್ಲ. ಒಂದೇ ಫೋಟೊ ಸಾಲದು, ಇರುವುದೆಲ್ಲ ಕೇಳಿ ತಗೊಳ್ಳಿ. ಫೋನನ್ನು ಹತ್ತಿರ ಹಿಡಿದು ತೆಗೆದ ಫೋಟೊದಲ್ಲಿ ಮೂಗು ದೊಡ್ಡದಾಗಿ, ಕಿವಿ ಚಿಕ್ಕದಾಗಿ ಬಂದಿರುತ್ತದೆ. ದೂರದಿಂದ ತೆಗೆದದ್ದರಲ್ಲಿ ಅಳತೆ ನೋಡಿ, ಹತ್ತಿರದ್ದರಲ್ಲಿ ಬಣ್ಣ ನೋಡಿ. (ನಿಮ್ಮದೇ ನಾಯಿ ಈಗ ಇದ್ದರೆ ಇವತ್ತೇ ನಾಲ್ಕು ಫೋಟೊ ತೆಗೆದಿಡಿ, ಅದರ ಕಣ್ಣಿನ ಎತ್ತರಕ್ಕೆ ಕೂತು, ಫ್ಲ್ಯಾಶ್ ಇಲ್ಲದೆ, ಎರಡು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿ.)

ಆಮೇಲೆ ಕೇಳಿ, ಅದು ಎಲ್ಲಿ ಮಲಗುತ್ತಿತ್ತು? ಬಾಗಿಲು ತೆಗೆದ ಸದ್ದಾದರೆ ಯಾವ ಕಿವಿ ಮೊದಲು ಏಳುತ್ತಿತ್ತು? ಜನ ಇದಕ್ಕೆ ತಕ್ಷಣ ಉತ್ತರ ಹೇಳುತ್ತಾರೆ, ಹೇಳುತ್ತಾ ಹೇಳುತ್ತಾ ಆ ಭಂಗಿಯನ್ನು ತಾವೇ ಮಾಡಿ ತೋರಿಸುತ್ತಾರೆ. ಒಮ್ಮೆ ಒಬ್ಬರು ಮಂಜಾದ ಮೂರು ಫೋಟೊ ತಂದಿದ್ದರು, ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಮಾತಿನ ನಡುವೆ ಬ್ಯಾಗಿನಿಂದ ಕತ್ತಿನ ಪಟ್ಟಿ ತೆಗೆದರು. ಬಕಲ್ ಸಂದಿಯಲ್ಲಿ ಏಳೆಂಟು ಕೂದಲು ಸಿಕ್ಕಿಕೊಂಡಿತ್ತು. ಒಂದನ್ನು ಬಿಳಿ ಕಾಗದದ ಮೇಲಿಟ್ಟು ಕಿಟಕಿಗೆ ಹಿಡಿದು ನೋಡಿದೆವು. ಬುಡದಲ್ಲಿ ಬೂದಿ, ನಡುವೆ ಗೋಧಿ ಬಣ್ಣ, ತುದಿಯಲ್ಲಿ ಕಪ್ಪು. ಅಷ್ಟು ಸಾಕಾಯಿತು. ಮೊದಲು ಬೂದಿ ಹಚ್ಚಿ, ಒಣಗಿದ ಮೇಲೆ ಗೋಧಿ, ಕೊನೆಗೆ ಒಣ ಕುಂಚದಲ್ಲಿ ಕಪ್ಪು ತುದಿಗಳು, ಅದೇ ಕ್ರಮದಲ್ಲಿ ಇಡೀ ನಾಯಿಯನ್ನು ಬರೆದೆ.

ರೋನರ್-ಕ್ನಿಪ್ ಅವರಿಗೆ ದೊಡ್ಡ ಹೆಸರು ತಂದ ಚಿತ್ರವೂ ಸತ್ತ ನಾಯಿಯದೇ, 1860ರದು. ಬೆಲ್ಜಿಯಂನಲ್ಲಿ ಆಗ ಬಡವರು ನಾಯಿಗಳಿಗೆ ಗಾಡಿ ಕಟ್ಟುತ್ತಿದ್ದರು. ಮರಳು ಮಾರುವ ಒಬ್ಬ ಮುದುಕ, ಗಾಡಿ ಎಳೆಯುತ್ತಿದ್ದ ಅವನ ನಾಯಿಗಳಲ್ಲಿ ಒಂದು ದಾರಿಯಲ್ಲೇ ಪ್ರಾಣ ಬಿಟ್ಟಿದೆ. ಚಿತ್ರದ ಹೆಸರು ‘ಸ್ನೇಹಿತನ ಸಾವು’ ಅಂತ. ಅಂಥ ಚಿತ್ರ ಬರೆದ ಕೈಯೇ ಮುಂದೆ ದಿಂಬಿನ ಮೇಲೆ ಆಡುವ ಮರಿಗಳನ್ನು ಬರೆದಿದ್ದು. ಮುದ್ದು ಚಿತ್ರ ಬರೆಯುವವರು ಅಂತ ಆಕೆಯನ್ನು ಬದಿಗೆ ಸರಿಸುವವರಿಗೆ ನಾನು ಈ ಚಿತ್ರ ನೋಡಿ ಅನ್ನುತ್ತೇನೆ.

ಮುಗಿದ ಮೇಲೆ

ಪೆನ್ಸಿಲ್, ಇದ್ದಿಲು ಚಿತ್ರಕ್ಕೆ ಫಿಕ್ಸೆಟಿವ್ (ಗೆರೆ ಅಳಿಸಿ ಹೋಗದಂತೆ ಹಿಡಿದಿಡುವ ಸ್ಪ್ರೇ) ಹೊಡೆಯಬೇಕು. ಟೆರೇಸಿನಲ್ಲಿ ಹೊಡೆಯಿರಿ, ಪ್ರಾಣಿಗಳು ಒಳಗಿರಲಿ, ವಾಸನೆ ಹೋದ ಮೇಲೆ ಚಿತ್ರ ಕೆಳಗೆ ತನ್ನಿ. ಫ್ರೇಮ್ ಹಾಕಿಸುವಾಗ ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್, ಅಂದರೆ ಅಂಚಿನ ದಪ್ಪ ರಟ್ಟು, ಇರಲೇಬೇಕು ಅಂತ ಹೇಳಿ. ಗಾಜು ನೇರ ತಾಗಿದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ನನ್ನ ಎರಡು ಒಳ್ಳೆಯ ಚಿತ್ರ ಹಾಗೆ ಹಾಳಾದವು. ಮಳೆ ನೀರು ಹೊಡೆಯುವ ಹೊರಗೋಡೆಗೆ ತೂಗು ಹಾಕಬೇಡಿ.

ಹಿಂದೆ ಪೆನ್ಸಿಲ್‌ನಲ್ಲಿ ಪ್ರಾಣಿಯ ಹೆಸರು ಬರೆಯಿರಿ, ನಿಮ್ಮ ಹೆಸರು ಆಮೇಲೆ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದ ಆತಕೂರಿನ ಕಲ್ಲನ್ನು ಒಮ್ಮೆ ನೋಡಿ (ಮ್ಯೂಸಿಯಂ ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗಿ). ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ್ದು, ಸುಮಾರು ಕ್ರಿ.ಶ. 950ರದು. ಗಂಗರ ರಾಜ ಬೂತುಗನ ಸೇವೆಯಲ್ಲಿದ್ದ ಮಣಲೇರ ಅನ್ನುವ ವೀರ, ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಒಂದು ಬೇಟೆ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಬೆಳ್ತೂರಿನ ಬೆಟ್ಟದ ಹತ್ತಿರ ದೊಡ್ಡ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಕಲ್ಲಿನಲ್ಲಿ ನಾಯಿ ಹಂದಿಯ ಮೇಲೆ ಎರಗಿರುವುದನ್ನು ಕೆತ್ತಿದ್ದಾರೆ, ಸುತ್ತ ಹಳಗನ್ನಡದ ಸಾಲುಗಳು. ನಾಯಿಯ ಹೆಸರು ಕಾಳಿ ಅಂತ ಅದರಲ್ಲಿದೆ. ಕೆತ್ತಿದ ಭಂಗಿಯ ಸ್ಕೆಚ್ ಮಾಡಿಕೊಂಡು ಬನ್ನಿ, ಬೆನ್ನಿನ ಗೆರೆ ಹೇಗೆ ಒಂದೇ ಎಳೆತಕ್ಕೆ ಬಂದಿದೆ ಗಮನಿಸಿ.

ನನ್ನ ಟೀ ಅಂಗಡಿ ಚಿತ್ರದ ಹಿಂದೆ ಹೀಗೆ ಬರೆದಿದ್ದೇನೆ: ಕರಿಯ. ಗಂಡು. ಎಡಗಿವಿ ತುದಿ ಇಲ್ಲ. ಹನುಮಂತನಗರ, ಹೊಂಗೆ ಮರದ ಕೆಳಗೆ, ಮಧ್ಯಾಹ್ನ ಒಂದೂವರೆ, ಮೋಡ.